ಬಲಬದಿಯ ನಾಲ್ಕು ಮಿಲಿಮೀಟರ್

ಕಾರಿನ ಒಂದು ಬದಿಯನ್ನು ಅಳೆದು, ಇನ್ನೊಂದನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದ ಹಾಗೆ ತಿರುಗಿಸಿಕೊಳ್ಳುವುದು ನಮ್ಮ ಕಸುಬಿನ ಪದ್ಧತಿ. ಇದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ. ಅಚ್ಚಿನಲ್ಲಿ ಒತ್ತಿ ತಯಾರಾಗುವ ಕಾರಿನ ಎಡ ಬಲ ಎರಡೂ ಒಂದೇ ಆಗಿರಬೇಕು, ಹಾಗಾಗಿ ಅರ್ಧ ಕಾರು ಗೊತ್ತಿದ್ದರೆ ಪೂರ್ತಿ ಕಾರು ಗೊತ್ತಿದ್ದ ಹಾಗೆ. ಹದಿನಾಲ್ಕು ವರ್ಷ ನಾನೂ ಹಾಗೇ ನಂಬಿಕೊಂಡು ಕೆಲಸ ಮಾಡಿದ್ದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕಾರು ತಯಾರಾಗುವುದಿಲ್ಲ. ಬೇರೆ ಕಂಪನಿಗಳು ಹೊಸ ಗಾಡಿ ಮಾಡಬೇಕೆಂದು ಹೊರಟಾಗ ಅದರ ಪೂರ್ಣ ಗಾತ್ರದ ಮಾದರಿ, ಮೊದಲ ಬಾಡಿ, ಅಚ್ಚು ಕೊರೆಯಲು ಬೇಕಾದ ಅಳತೆ, ಇವಿಷ್ಟನ್ನು ಮಾಡಿಕೊಡುತ್ತೇವೆ. ಅಳತೆ ವಿಭಾಗ ಆಗ ನನ್ನ ಕೈಯಲ್ಲಿತ್ತು. ನಮ್ಮೂರು ಹೆಡತಲೆಯಿಂದ ಸ್ಕೂಟರಿನಲ್ಲಿ ಬಂದು, ಹೊರಗೆ ಚಪ್ಪಲಿ ಬಿಟ್ಟು, ಎಸಿ ಕೋಣೆಯಲ್ಲಿ ಮೊನೆಯಿರುವ ಒಂದು ಯಂತ್ರದ ತೋಳನ್ನು ಹಿಡಿದು ತಗಡನ್ನು ಮುಟ್ಟುತ್ತಾ ಹೋಗುವುದು ನನ್ನ ಕೆಲಸ. ಮುಟ್ಟಿದ ಪ್ರತಿ ಬಿಂದುವೂ ಪರದೆಯ ಮೇಲೆ ಅಂಕಿಯಾಗಿ ಬೀಳುತ್ತದೆ. ನನ್ನ ಗಂಡ ಇದನ್ನು ಕಾರಿನ ನಾಡಿ ನೋಡುವ ಕೆಲಸ ಎಂದು ರೇಗಿಸುತ್ತಾರೆ.

ಎಲೆಕ್ಟ್ರಿಕ್ ಗಾಡಿ ಮಾಡಲು ಹೊರಟಿದ್ದ ಒಂದು ಹೊಸ ಕಂಪನಿ ನಮ್ಮಲ್ಲಿಗೆ ಕಾನ್ಸೆಪ್ಟ್ ಕಾರು ಮಾಡಿಸಲು ಬಂತು. ನಮ್ಮ ಬಾಯಲ್ಲಿ ಅದು ಷೋ ಕಾರು. ಅದನ್ನು ಮಾರುವುದಿಲ್ಲ. ವಾಹನ ಮೇಳದಲ್ಲಿ ದೀಪ ಹಾಕಿ ನಿಲ್ಲಿಸಿ, ಬಂದವರು ಎಲ್ಲಿ ನಿಂತು ನೋಡುತ್ತಾರೆ, ಯಾವುದರ ಫೋಟೊ ತೆಗೆಯುತ್ತಾರೆ ಎಂದು ಗಮನಿಸಿ, ಜನ ಮೆಚ್ಚಿದ್ದನ್ನು ಮುಂದೆ ರಸ್ತೆಗೆ ಬರುವ ಕಾರಿನಲ್ಲಿ ಉಳಿಸಿಕೊಳ್ಳುತ್ತಾರೆ. ಇಂಥದ್ದಕ್ಕೆ ಸಾಮಾನ್ಯವಾಗಿ ಫೈಬರ್ ಬಾಡಿ ಸಾಕು. ಆದರೆ ಆ ಕಂಪನಿಯ ಡಿಸೈನರ್, ನನಗಿಂತ ಹತ್ತು ವರ್ಷ ಚಿಕ್ಕವಳು, ಪಕ್ಕೆ ಮಾತ್ರ ಉಕ್ಕಿನ ತಗಡಿನಲ್ಲೇ ಆಗಬೇಕು ಎಂದು ಹಟ ಹಿಡಿದಳು. ಮುಂಬಾಗಿಲಿನಿಂದ ಹಿಂದಿನ ಚಕ್ರದವರೆಗಿನ ಉದ್ದನೆಯ ಭಾಗವನ್ನು ನಾವು ಪಕ್ಕೆ ಎಂದು ಕರೆಯುತ್ತಿದ್ದೆವು. ಬೆಳಕು ಉಕ್ಕಿನ ಮೇಲೆ ಬೀಳುವ ರೀತಿಯೇ ಬೇರೆ ಅನ್ನುವುದು ಅವಳ ವಾದ. ಅದು ಸುಳ್ಳಲ್ಲ.

ಆದರೆ ಒಂದೇ ಒಂದು ಕಾರಿಗೆ ಅಚ್ಚು ಮಾಡಿಸಲು ಆಗುವುದಿಲ್ಲ, ಕೈಯಲ್ಲೇ ಬಡಿಯಬೇಕು. ನಮ್ಮ ಮ್ಯಾನೇಜರಿಗೆ ಟಿ. ನರಸೀಪುರದ ಟಿಂಕರ್ ಮೇಸ್ತ್ರಿಯ ನೆನಪಾಯಿತು. ಸೇತುವೆಯ ಆಚೆ ಶೆಡ್ ಹಾಕಿಕೊಂಡು ಮೂವತ್ತೈದು ವರ್ಷದಿಂದ ಗೂಡ್ಸ್ ಗಾಡಿಗಳಿಗೆ ಬಾಡಿ ಕಟ್ಟುತ್ತಿದ್ದವರು, ಅರವತ್ತರ ಹತ್ತಿರದ ವಯಸ್ಸು. ಹಣೆಯ ಮೇಲೆ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅವರು ನಮ್ಮಲ್ಲಿಗೆ ಬಂದ ಮೊದಲ ದಿನ ಎಸಿ ಕೋಣೆಗೆ ಇಣುಕಿ, "ಏನವ್ವಾ, ತಗ್ಡುನ್ನ ಐಸ್‌ಪೆಟ್ಗೇಲಿ ಮಡ್ಗಿದ್ದೀಯ" ಎಂದು ನಕ್ಕರು. ನನಗೆ ಅವರು ಆವಾಗಲೇ ಹಿಡಿಸಿಬಿಟ್ಟರು.

ಕೆಲಸದ ಕ್ರಮ ಹೀಗಿತ್ತು. ಡಿಸೈನರ್ ಕೊಟ್ಟ ನಕ್ಷೆಯಿಂದ ಒಂದೊಂದು ಗೇಣಿಗೊಂದರಂತೆ ಪ್ಲೈವುಡ್ಡಿನ ಟೆಂಪ್ಲೇಟು ಕತ್ತರಿಸಿ, ಸಾಲಾಗಿ ಒಂದು ಚೌಕಟ್ಟಿಗೆ ನಿಲ್ಲಿಸಿದ್ದೆವು. ಮೇಸ್ತ್ರಿ ಮುಕ್ಕಾಲು ಮಿಲಿಮೀಟರ್ ದಪ್ಪದ ತಗಡನ್ನು ಮರಳು ಚೀಲದ ಮೇಲೆ ಮರದ ಕೊಡತಿಯಿಂದ ಬಡಿದು, ಹಳೆಯ ಲಾರಿ ಬೇರಿಂಗಿನಿಂದ ತಾವೇ ಮಾಡಿಕೊಂಡ ಎರಡು ಉರುಳೆಗಳ ನಡುವೆ ಹಿಂದೆ ಮುಂದೆ ಎಳೆದು ಹಿಗ್ಗಿಸಿ, ಟೆಂಪ್ಲೇಟಿನ ಮೇಲೆ ಕೂರಿಸಿ ನೋಡುವುದು. ಕೂರಲಿಲ್ಲವೋ, ಮತ್ತೆ ಬಡಿಯುವುದು. ಎಡಬದಿಯ ಪಕ್ಕೆಗೆ ಹತ್ತೊಂಬತ್ತು ದಿನ ಹಿಡಿಯಿತು.

ಕೂರಿಸಿದ ಮೇಲೆ ಮೇಸ್ತ್ರಿ ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ತಗಡನ್ನು ಒರೆಸಿ, ಹೊಳಪು ಬರಿಸಿ, ದೂರ ನಿಂತು ನೋಡಿದರು. ಮುಖ ಹುಳ್ಳಗಾಯಿತು.

"ನಡೂಮದ್ಯ ಒಟ್ಟೆ ಒಳಿಕ್ಕೋದಂಗೆ ಕಾಣ್ತದೆ ಕಣವ್ವ. ಉಪಾಸ ಬಿದ್ದ ದನ್ದಂಗೆ."

ಡಿಸೈನರ್ ಕಂಪ್ಯೂಟರ್ ತೆಗೆದು ನೋಡಿದಳು. "ನಕ್ಷೆಯಲ್ಲಿ ಸರಿಯಾಗಿದೆಯಲ್ಲ ಮೇಸ್ತ್ರಿ. ಟೆಂಪ್ಲೇಟಿಗೆ ಕೂತಿದೆಯೋ ಇಲ್ವೋ?"

"ಕೂತದೆ."

"ಹಾಗಾದ್ರೆ ಮುಟ್ಟಬೇಡಿ."

"ಆಯ್ತು ಬುಡಿ ತಾಯಿ" ಎಂದು ಅವರು ಬಲಬದಿಯ ತಗಡು ಎತ್ತಿಕೊಂಡರು. ಮಾತು ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು.

ಎಡಬದಿಯನ್ನು ನಾನು ಪೂರ್ತಿ ಅಳೆದೆ. ಸಾವಿರಾರು ಬಿಂದುಗಳು, ಎಲ್ಲವೂ ನಕ್ಷೆಯಿಂದ ಒಂದು ಮಿಲಿಮೀಟರಿನೊಳಗೆ. ಬಲಬದಿ ಸಿದ್ಧವಾಗುವ ಹೊತ್ತಿಗೆ ಕಾರು ಮೇಳಕ್ಕೆ ಹೊರಡಲು ಆರು ದಿನ ಉಳಿದಿತ್ತು. ಪೇಂಟಿನವರು ಬಾಗಿಲಲ್ಲಿ ಕಾದು ನಿಂತಿದ್ದರು. ಕಾಟಾಚಾರಕ್ಕೆ ನಲವತ್ತೆರಡು ಬಿಂದು ಮುಟ್ಟಿ ನೋಡಿದೆ. ನಡುಭಾಗದಲ್ಲಿ ತಗಡು ನಕ್ಷೆಗಿಂತ ನಾಲ್ಕು ಮಿಲಿಮೀಟರ್ ಹೊರಗಿತ್ತು. ಮುಂದಿನಿಂದಲೂ ಹಿಂದಿನಿಂದಲೂ ನಡುವಿನ ಕಡೆಗೆ ಏರುತ್ತಾ ಬಂದಿತ್ತು. ನನ್ನ ವರದಿಯಲ್ಲಿ ಒಂದು ಸಾಲು ಬರೆದೆ: "ಬಲಬದಿ: ಕೈಕೆಲಸದ ವ್ಯತ್ಯಾಸ. ಪರಿಗಣಿಸಬೇಕಾಗಿಲ್ಲ." ಅದನ್ನು ಬರೆಯುವಾಗ ಮೇಸ್ತ್ರಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತು ಬಾಗಿಲಿನ ಅಂಚಿಗೆ ಪುಟ್ಟಿ ಉಜ್ಜುತ್ತಿದ್ದರು. ಅವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಮೇಳದಲ್ಲಿ ಕಂಪನಿಯವರಿಗೆ ಸಿಕ್ಕಿದ್ದು ಮೂಲೆಯ ಜಾಗ. ಕಾರಿನ ಎಡಬದಿ ಗೋಡೆಗೆ, ಬಲಬದಿ ಜನರಿಗೆ. ನಾವು ಇಲ್ಲೇ ಕೂತು ಮೊಬೈಲಿನಲ್ಲಿ ಫೋಟೊ ನೋಡಿದೆವು. ಎಲ್ಲರದ್ದೂ ಒಂದೇ ಮಾತು, ಆ ಕಾರಿನ ಪಕ್ಕೆ ನೋಡಿ, ನಿಂತಿದ್ದರೂ ಉಸಿರು ಎಳೆದುಕೊಂಡು ಹೊರಡುವ ಹಾಗಿದೆ. ಹದಿನೈದು ದಿನದಲ್ಲಿ ಆ ಕಂಪನಿಯ ಪತ್ರ ಬಂತು: ಈ ಕಾರು ರಸ್ತೆಗೆ ಬರುತ್ತದೆ, ತಯಾರಿಕೆಯ ಮಾದರಿಯನ್ನೂ ನೀವೇ ಮಾಡಿಕೊಡಿ.

ಷೋ ಕಾರು ರಸ್ತೆಗೆ ಇಳಿಯುವ ದಾರಿಯಲ್ಲಿ ಏನೇನು ಕಳೆದುಕೊಳ್ಳುತ್ತದೆ ಎಂದು ನೋಡಿದವರಿಗೇ ಗೊತ್ತು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿದ್ದ ಕಾರು ನಮ್ಮ ಹಂಪುಗಳಿಗೆ ಹೆದರಿ ನಾಲ್ಕು ಬೆರಳು ಮೇಲೆದ್ದಿತು. ದೊಡ್ಡ ಚಕ್ರ ಚಿಕ್ಕದಾಯಿತು. ಕನ್ನಡಿಯ ಬದಲು ಇದ್ದ ಕ್ಯಾಮೆರಾ ಹೋಗಿ ಕನ್ನಡಿಯೇ ಬಂತು. ಗೆರೆಯಷ್ಟು ತೆಳ್ಳಗಿದ್ದ ದೀಪ ದಪ್ಪಗಾಯಿತು. ಬಾಗಿಲಿನ ಹಿಡಿ, ನಂಬರ್ ಪ್ಲೇಟಿನ ಜಾಗ, ಚಾರ್ಜಿಂಗ್ ಮುಚ್ಚಳ, ಒಂದೊಂದೂ ಬಂದು ತನ್ನ ಪಾಲು ಕೇಳಿತು. ಕಂಪನಿಯವರು ಎಲ್ಲಕ್ಕೂ ಹೂಂ ಅಂದರು. ಒಂದೇ ಷರತ್ತು, ಪಕ್ಕೆಯನ್ನು ಮಾತ್ರ ಕೂದಲೆಳೆಯಷ್ಟೂ ಬದಲಿಸಕೂಡದು.

ಬದಲಿಸುವ ಪ್ರಶ್ನೆಯೇ ಇರಲಿಲ್ಲ. ನನ್ನ ಬಳಿ ಎಡಬದಿಯ ಅಳತೆ ಇತ್ತು. ಅದನ್ನು ತಿರುಗಿಸಿ ಎರಡೂ ಬದಿ ಮಾಡಿಕೊಟ್ಟೆ. ಮಾದರಿ ಮಾಡುವ ಜೇಡಿಯನ್ನು ಓವನ್ನಿನಲ್ಲಿ ಬೆಚ್ಚಗೆ ಮಾಡಿ, ಥರ್ಮಾಕೋಲ್ ಹಂದರದ ಮೇಲೆ ಬಳಿದು, ಯಂತ್ರದಿಂದ ಕೆತ್ತಿ, ಬೆಳಕು ಹೊಳೆಯಲೆಂದು ನುಣುಪಾದ ಕಪ್ಪು ಹಾಳೆ ಅಂಟಿಸಿ ಅಂಗಳಕ್ಕೆ ತಂದೆವು. ಎಲ್ಲರೂ ಸುತ್ತು ಹಾಕಿದರು. ಕಾರಿನಲ್ಲಿ ತಪ್ಪು ಏನೂ ಕಾಣುತ್ತಿರಲಿಲ್ಲ, ಆದರೆ ಆ ಉಸಿರೂ ಇರಲಿಲ್ಲ.

ಆಮೇಲಿನ ಐದು ವಾರ ಡಿಸೈನರ್ ಪಟ್ಟ ಪಾಡು ನನ್ನ ವೈರಿಗೂ ಬೇಡ. ಚಕ್ರದ ಕಮಾನು ಬದಲಿಸಿದಳು. ಕಿಟಕಿಯ ಕೆಳಗೆರೆ ಇಳಿಸಿದಳು. ಬಣ್ಣ ಬದಲಿಸಿದಳು. ಒಂದು ದಿನ ಜೇಡಿ ಕೆರೆಯುವ ಉಳಿಯನ್ನು ನೆಲಕ್ಕೆ ಕುಕ್ಕಿ, "ಅಕ್ಕಾ, ಎಲ್ಲಾ ಅದೇ ಇದೆ, ಆದ್ರೂ ಅದಲ್ಲ ಇದು" ಎಂದು ಮುಖ ಮುಚ್ಚಿಕೊಂಡು ಕೂತಳು. ನಾನು ಅಂಕಿ ಅಂಶ ತೋರಿಸಿ ಸಮಾಧಾನ ಮಾಡಿದೆ. ನೋಡಮ್ಮ, ಒಂದು ಮಿಲಿಮೀಟರೂ ಆಚೀಚೆ ಇಲ್ಲ ಎಂದೆ. ಅಷ್ಟು ಖಡಾಖಂಡಿತವಾಗಿ ಹೇಳಿದೆ.

ಕೊನೆಗೆ ಕಂಪನಿಯವರು ಷೋ ಕಾರಿನ ಎಲ್ಲ ದಾಖಲೆ ಕಳಿಸಿ ಎಂದರು. ಮ್ಯಾನೇಜರ್ ನನ್ನ ವರದಿ ತೆರೆದು ಓದುತ್ತಾ ಹೋಗಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಮೇಲೆದ್ದರು.

"ಇಲ್ಲೇ ಇದೆಯಲ್ರೀ ಉತ್ತರ! ಕೈಕೆಲಸದ ವ್ಯತ್ಯಾಸ. ಆ ನರಸೀಪುರದ ಟಿಂಕರು ಒಂದ್ ಕಡೆ ಸೊಟ್ಟ ಬಡಿದಿದ್ದಾನೆ. ಜನ ದೀಪದ ಬೆಳಕಲ್ಲಿ ಸೊಟ್ಟ ಕಾರು ನೋಡಿ ಮರುಳಾದ್ರು, ನಾವು ನೆಟ್ಟಗೆ ಮಾಡಿದ್ರೆ ಚೆನ್ನಾಗಿಲ್ಲ ಅಂತಾರೆ. ನಮ್ ತಪ್ಪು ಇದ್ರಲ್ಲಿ ಏನಿದೆ?"

ಅದನ್ನೇ ಅವರು ಪತ್ರ ಮಾಡಿ ಕಳಿಸಿದರು. ಹೊರಗಿನ ಕೆಲಸಗಾರನ ಕೈಕೆಲಸ ದೋಷಪೂರಿತವಾಗಿತ್ತು, ಇನ್ನು ಮುಂದೆ ಅವನನ್ನು ಬಳಸುವುದಿಲ್ಲ, ಹೀಗೆ. ಮೇಸ್ತ್ರಿಯ ಹೆಸರನ್ನು ನಮ್ಮ ಪಟ್ಟಿಯಿಂದ ತೆಗೆದರು. ಹೇಗಾದರೂ ಮಾಡಿ ಈ ಕೆಲಸ ಮುಗಿಸಿ ಎಂದು ಕಂಪನಿಯವರು ಒಪ್ಪಿಕೊಂಡರು. ಅಚ್ಚಿನ ಉಕ್ಕಿನ ದಿಮ್ಮಿ ಬಂದು ಬಿದ್ದಿತ್ತು, ಮುಂದಿನ ಸೋಮವಾರ ಕೊರೆಯಲು ಶುರು. ಒಮ್ಮೆ ಕೊರೆದರೆ ಹಿಂದೆ ಬರುವ ದಾರಿಯಿಲ್ಲ.

ಮ್ಯಾನೇಜರ್ ಆ ಸಾಲನ್ನು ಗಟ್ಟಿಯಾಗಿ ಓದಿದಾಗಲೇ ಅದನ್ನು ಬರೆದ ದಿನ ನನಗೆ ನೆನಪಾಗಿತ್ತು. ಸೀಟಿಗೆ ಬಂದು ಆ ನಲವತ್ತೆರಡು ಬಿಂದುಗಳನ್ನು ಹುಡುಕಿ ತೆಗೆದೆ. ವ್ಯತ್ಯಾಸಗಳನ್ನಷ್ಟೇ ಸಾಲಾಗಿ ಜೋಡಿಸಿ ಗೆರೆ ಎಳೆಸಿದೆ. ಮುಂದಿನ ಬಾಗಿಲ ಬಳಿ ಸೊನ್ನೆ. ಅಲ್ಲಿಂದ ಅರ್ಧ, ಒಂದು, ಎರಡು, ಮೂರೂವರೆ, ನಾಲ್ಕು. ಮತ್ತೆ ಮೂರು, ಒಂದೂವರೆ, ಸೊನ್ನೆ. ಬಗ್ಗಿಸಿ ಹಿಡಿದ ಬಿಲ್ಲಿನ ಹಾಗೆ ನಯವಾದ ಗೆರೆ. ಕೈ ತಪ್ಪಿದರೆ ಇಷ್ಟು ನೀಟಾಗಿ ತಪ್ಪುವುದಿಲ್ಲ. ಅದು ಬೇಕೆಂದೇ ಕೊಟ್ಟ ಉಬ್ಬು. ಜನ ಮೆಚ್ಚಿದ್ದು ಆ ಉಬ್ಬನ್ನು. ಗೋಡೆಗೆ ಮುಖ ಮಾಡಿ ನಿಂತಿದ್ದ, ಯಾರೂ ನೋಡದ ಎಡಬದಿಯನ್ನು ನಾನು ಅಳೆದು ಕೊಟ್ಟಿದ್ದೆ.

ಎರಡು ದಿನ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಆ ನಲವತ್ತೆರಡು ಅಂಕಿಗಳನ್ನು ಓದಲು ಬರುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ. ವಿಭಾಗ ನನ್ನ ಕೈಯಲ್ಲೇ ಉಳಿಯುತ್ತಿತ್ತು, ಕಾರು ಏನೋ ಒಂದು ಕಾರಾಗಿ ರಸ್ತೆಗೆ ಬರುತ್ತಿತ್ತು. ಮೇಸ್ತ್ರಿಯೊಬ್ಬರೇ ಸೊಟ್ಟ ಕೈಯ ಮನುಷ್ಯರಾಗಿ ಉಳಿಯುತ್ತಿದ್ದರು. ಗುರುವಾರ ಮಧ್ಯಾಹ್ನ ಊಟಕ್ಕೆಂದು ಬುತ್ತಿ ಬಿಚ್ಚಿದೆ. ಡಬ್ಬಿ ಮುಚ್ಚಿ ಎದ್ದು ಮ್ಯಾನೇಜರ್ ರೂಮಿಗೆ ಹೋದೆ. ಡಿಸೈನರ್ ಅಲ್ಲೇ ಕೂತಿದ್ದಳು.

"ಸಾರ್, ಸೋಮವಾರ ಅಚ್ಚು ಕೊರೀಬೇಡಿ. ಅಳತೆ ತಪ್ಪಿದೆ. ತಪ್ಪಿದ್ದು ನಾನು" ಎಂದೆ. ಗೆರೆಯ ಕಾಗದವನ್ನು ಮೇಜಿನ ಮೇಲಿಟ್ಟೆ.

ಮ್ಯಾನೇಜರ್ ಅದನ್ನು ಮೂರು ಸಲ ತಿರುಗಿಸಿ ನೋಡಿದರು. "ಈಗ ಹೇಳ್ತಿದ್ದೀರಲ್ಲ ತಾಯಿ! ಪತ್ರ ಹೋಗಿದೆ, ದಿಮ್ಮಿ ಬಂದಿದೆ, ಮೆಷಿನ್ ಬುಕ್ ಆಗಿದೆ. ಈಗ ಬಂದು ನಾನು ತಪ್ಪಿದೆ ಅಂತೀರಲ್ಲ, ನಾನು ಯಾರ ಹತ್ರ ಹೋಗಿ ಅಳ್ಲಿ?"

"ಬರವಣಿಗೆಯಲ್ಲೇ ಕೊಡ್ತೀನಿ ಸಾರ್. ಕೈಕೆಲಸ ಸರಿಯಾಗಿತ್ತು, ಅಳತೆ ವಿಭಾಗದ ತಪ್ಪು ಅಂತ."

"ಕೊಡಿ, ಕೊಡಿ. ಅದನ್ನೂ ಇಟ್ಕೋತೀನಿ" ಎಂದು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ಡಿಸೈನರ್ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಗದವನ್ನೇ ನೋಡುತ್ತಿದ್ದಳು. "ಹೊಟ್ಟೆ ಒಳಗೆ ಹೋದ ಹಾಗೆ ಕಾಣುತ್ತೆ ಅಂದಿದ್ರು ಅಲ್ವಾ ಅಕ್ಕ. ಮುಟ್ಟಬೇಡಿ ಅಂದವಳು ನಾನು" ಎಂದಳು.

ತಪ್ಪು ಒಪ್ಪಿಕೊಂಡರೆ ಮುಗಿಯಿತು ಎಂದು ತಿಳಿದಿದ್ದೆ. ನಿಜವಾದ ಪೇಚು ಶುರುವಾಗಿದ್ದೇ ಆಮೇಲೆ. ಬಲಬದಿಯನ್ನು ಹೊಸದಾಗಿ ಅಳೆಯೋಣ ಎಂದರೆ ಬಲಬದಿಯೇ ಇರಲಿಲ್ಲ. ಇನ್ನೊಂದು ಪ್ರದರ್ಶನದಲ್ಲಿ ಒಳಗಿನ ಬ್ಯಾಟರಿ ತೋರಿಸಲೆಂದು ಕಂಪನಿಯವರು ಅದೇ ಪಕ್ಕೆಯನ್ನು ಕತ್ತರಿಸಿ ಗಾಜು ಕೂರಿಸಿದ್ದರು. ತಗಡು ಗುಜರಿಗೆ ಹೋಗಿತ್ತು. ಉಳಿದದ್ದು ನಾನು ಕಾಟಾಚಾರಕ್ಕೆ ಮುಟ್ಟಿದ ನಲವತ್ತೆರಡು ಬಿಂದು. ಅಷ್ಟರಿಂದಲೇ ಮೇಲ್ಮೈ ಹೆಣೆಯಲು ಶುಕ್ರವಾರ, ಶನಿವಾರ ಒದ್ದಾಡಿದೆವು. ಬಿಂದುಗಳ ಮೇಲೆ ಸರಿಯಾಗಿ ಹಾದುಹೋಗುತ್ತಿತ್ತು, ನಡುವೆ ಮಾತ್ರ ಹರಕು ಹಾಸಿಗೆಯಂತೆ ಗಂಟು ಗಂಟು. ಯಾವ ಬಿಂದುವಿನಿಂದ ಯಾವುದಕ್ಕೆ ಹೇಗೆ ಸಾಗಬೇಕು ಅನ್ನುವುದು ಗೊತ್ತಿದ್ದದ್ದು ಒಬ್ಬರ ಕೈಗೆ ಮಾತ್ರ.

ಭಾನುವಾರ ಬೆಳಗ್ಗೆ ನಾನೊಬ್ಬಳೇ ಟಿ. ನರಸೀಪುರಕ್ಕೆ ಹೋದೆ. ಮೇಸ್ತ್ರಿ ಶೆಡ್ಡಿನಲ್ಲಿ ತರಕಾರಿ ಸಾಗಿಸುವ ಗಾಡಿಯೊಂದರ ಹಿಂಬಾಗಿಲು ಸರಿ ಮಾಡುತ್ತಿದ್ದರು. ನನ್ನನ್ನು ಕಂಡು ಸುತ್ತಿಗೆ ಕೆಳಗಿಟ್ಟರು, ಆದರೆ ಬಾ ಅನ್ನಲಿಲ್ಲ.

"ಕೈ ಸೊಟ್ಟ ಅಂದ್ರಂತಲ್ಲವ್ವ ನಿಮ್ಮೋರು? ಊರೆಲ್ಲಾ ಗೊತ್ತಾಗೋಯ್ತು. ಮೊನ್ನೆ ಒಬ್ಬ ಗಾಡಿ ಬುಡಕ್ಕೆ ಬಂದೋನು, ಕಂಪ್ನಿಯೋರು ಓಡುಸ್ಬುಟ್ರಂತೆ, ನನ್ ಗಾಡಿ ನೆಟ್ಗೆ ಮಾಡ್ತೀಯೇನ್ ಮೇಸ್ತ್ರಿ ಅಂದ. ನಗ್ತಾ ಅಂದ. ಆದ್ರೂ ಅಂದ."

"ಅದು ತಪ್ಪಾಯ್ತು ಮೇಸ್ತ್ರಿ. ನಿಮ್ಮ ಬಲಬದಿಯೇ ಸರಿಯಾಗಿತ್ತು. ಈಗ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹೆಸರು ಮತ್ತೆ ಪಟ್ಟಿಗೆ ಸೇರಿಸಿದ್ದಾರೆ."

ಅವರು ನನ್ನನ್ನೇ ನೋಡಿದರು. ಮುಖದ ಬಿಗಿ ಸಡಿಲವಾಯಿತು. "ಕಂಡಿಡ್ದೋಳು ನೀನೇ ತಾನೇ?"

ನಾನು ಹೂಂ ಅಂದೆ. ಕಂಡುಹಿಡಿದವಳು ನಾನೇ ಅನ್ನುವುದು ನಿಜ. ಅದಕ್ಕೆ ಮುಂಚೆ ಬರೆದವಳೂ ನಾನೇ ಎಂದು ಸೇರಿಸಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಈ ಮನುಷ್ಯ ಕೆಲಸ ಒಪ್ಪದಿದ್ದರೆ ಏನು ಗತಿ ಎಂಬ ಲೆಕ್ಕ ಅಡ್ಡ ಬಂತು. ನುಂಗಿಕೊಂಡೆ.

"ಅಂಗನ್ನು ಮತ್ತೆ! ಈ ಅವ್ವುಂಗೆ ಗೊತ್ತಾಯ್ತದೆ ಅಂತ ನಂಗೆ ಗ್ಯಾನ ಇತ್ತು" ಎಂದು ಸ್ಟೂಲು ಒರೆಸಿ ಕೂರಿಸಿದರು. ಕಾಫಿ ತರಿಸಿದರು.

ಆ ಉಬ್ಬು ಯಾಕೆ ಕೊಟ್ಟಿರಿ ಎಂದು ಆವತ್ತು ಕೇಳಿದೆ. ಕೇಳಬೇಕಾದ ದಿನ ಕೇಳದೆ ನಾಲ್ಕು ತಿಂಗಳಾಗಿತ್ತು.

"ನೆಟ್ಟುಗಿರೋ ತಗ್ಡು ಕಣ್ಗೆ ನೆಟ್ಟುಗೆ ಕಾಣಲ್ಲ ಕಣವ್ವ, ಒಳಿಕ್ಕೆ ಎಳ್ಕೊಂಡಂಗೆ ಕಾಣ್ತದೆ. ಗೂಡ್ಸ್ ಗಾಡಿ ಬಾಡೀಗೂ ನಾನು ನಡೂಕೆ ಒಂದ್ ನೂಲು ಉಬ್ಬು ಕೊಟ್ಟೇ ಕೊಡ್ತೀನಿ. ಕೊಡ್ದೇ ಇದ್ರೆ ರೋಡಲ್ಲಿ ಓಗ್ತಾ ಡಬ್‌ಡಬ್ ಅಂತ ಬಡ್ಕೊತದೆ. ಆ ಕೂಸು ಮುಟ್ಬ್ಯಾಡಿ ಅಂದ್ಲು. ಎಡ್ಗಡೆ ಮುಟ್ನಿಲ್ಲ. ಬಲ್ಗಡೆಗೆ ಯಾರೂ ಮುಟ್ಬ್ಯಾಡ ಅನ್ನಿಲ್ವಲ್ಲ."

ಈ ಡಬ್‌ಡಬ್ ನಮಗೂ ಗೊತ್ತಿತ್ತು. ಚಪ್ಪಟೆ ಪಕ್ಕೆಯನ್ನು ಬೆರಳಿನಿಂದ ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಒಳಗೆ ಹೋಗಿ ಹೊರಗೆ ಬರುತ್ತದೆ ಎಂದು ಅಚ್ಚಿನವರು ಲೆಕ್ಕ ಹಾಕಿ, ಒಳಗಿನಿಂದ ಒಂದು ದಪ್ಪ ಪಟ್ಟಿ ಅಂಟಿಸಬೇಕು ಎಂದು ಬರೆದಿದ್ದರು. ಉಬ್ಬು ಕೊಟ್ಟರೆ ತಗಡು ತಾನೇ ಗಟ್ಟಿಯಾಗುತ್ತದೆ, ಪಟ್ಟಿ ಬೇಕಾಗಿಲ್ಲ. ಷೋ ಕಾರು ರಸ್ತೆ ಕಾರಿಗೆ ಕೊಡುವುದು ಚಂದ ಮಾತ್ರ ಎಂದುಕೊಂಡಿದ್ದ ನಮಗೆ ಇದು ಕೊನೆಗೆ ಹೊಳೆಯಿತು.

ಜೇಡಿಯ ಮಾದರಿಯ ಮೇಲೆಯೇ ಉಬ್ಬು ತರಲು ಆಗುತ್ತದೆಯೇ ಎಂದು ನೋಡಲು ಮೊದಲು ಅವರನ್ನು ನಂಜನಗೂಡಿಗೆ ಕರೆತಂದೆವು. ಮೇಸ್ತ್ರಿ ಜೇಡಿಯನ್ನು ಮುಟ್ಟಿ, ಮೂಸಿ, ಕೈ ಹಿಂದೆ ತೆಗೆದರು. "ಇದು ಎದ್ರು ಮಾತಾಡಲ್ಲ ಕಣವ್ವ. ತಗ್ಡು ಆದ್ರೆ ಏಟಿಗೇಟು ಉತ್ರ ಕೊಡ್ತದೆ. ನಂಗೆ ತಗ್ಡೇ ಕೊಡಿ." ಹಾಗಾಗಿ ಟೆಂಪ್ಲೇಟು, ಚೌಕಟ್ಟು ಎಲ್ಲವನ್ನೂ ಅವರ ಶೆಡ್ಡಿಗೇ ಸಾಗಿಸಿದೆವು. ನನ್ನ ಅಳತೆಯ ತೋಳನ್ನೂ ಸ್ಟ್ಯಾಂಡಿನೊಂದಿಗೆ ಹೊತ್ತುಕೊಂಡು ಹೋದೆ. ಎಸಿ ಕೋಣೆ ಬಿಟ್ಟು ಆಚೆ ಇಡಬಾರದ ಯಂತ್ರ ಅದು. ಬೆಳಗಿನ ಬಿಸಿಲಿಗೂ ಮಧ್ಯಾಹ್ನದ ಬಿಸಿಲಿಗೂ ತಗಡೇ ಹಿಗ್ಗಿ ಅಂಕಿ ಬದಲಾಗುತ್ತಿತ್ತು, ಹಾಗಾಗಿ ದಿನಾ ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಮಾತ್ರ ಅಳೆಯುವುದು ಎಂದು ನಿಯಮ ಮಾಡಿಕೊಂಡೆ.

ಹನ್ನೊಂದು ದಿನ. ಮೊದಲನೆಯ ತಗಡನ್ನು ಆರನೆಯ ದಿನ ಅವರೇ ಬಿಸಾಡಿದರು. ಒಂದು ಕಡೆ ಹೆಚ್ಚು ಹಿಗ್ಗಿಸಿಬಿಟ್ಟಿದ್ದರು, ಹಿಗ್ಗಿದ್ದನ್ನು ಕುಗ್ಗಿಸಲು ಕಾಯಿಸಿ ನೀರು ಹಾಕಿದರು, ಆದರೂ ಬಗ್ಗಲಿಲ್ಲ. "ಬ್ಯಾಡ, ಇದು ಮುನುಸ್ಕೊಂಡದೆ" ಎಂದು ಮೂಲೆಗೆ ಒರಗಿಸಿದರು. ಮ್ಯಾನೇಜರ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಎರಡನೆಯ ತಗಡು ಐದೇ ದಿನದಲ್ಲಿ ಬಂತು. ಬದನವಾಳಿನ ಖಾದಿ ಬಟ್ಟೆಯ ತುಂಡೊಂದನ್ನು ಅಂಗೈ ಕೆಳಗಿಟ್ಟುಕೊಂಡು ಅವರು ತಗಡನ್ನು ಸವರುತ್ತಿದ್ದರು. ಬರಿಗೈ ಬೆವರಿಗೆ ಅಂಟಿಕೊಳ್ಳುತ್ತದೆ, ಬಟ್ಟೆಯಿದ್ದರೆ ಜಾರಿಕೊಂಡು ಹೋಗಿ ತಗ್ಗು ದಿಣ್ಣೆ ತಿಳಿಯುತ್ತದೆ. ನನ್ನ ಕೈಯನ್ನೂ ಹಿಡಿದು ಸವರಿಸಿದರು. ಅಂಕಿ ಹೇಳುವ ಮೊದಲೇ ಎಲ್ಲಿ ಅರ್ಧ ಮಿಲಿಮೀಟರ್ ಇದೆ ಎಂದು ಹೇಳಲು ಕೊನೆಯ ಎರಡು ದಿನ ನನಗೂ ಬಂತು.

ಆ ದಿನಗಳಲ್ಲಿ ಶೆಡ್ಡಿಗೆ ಯಾರು ಬಂದರೂ ಅವರಿಗೆ ನನ್ನನ್ನು ತೋರಿಸಿ, "ನನ್ ಮಾನ ಕಾಪಾಡ್ದೋಳು ಇವ್ಳೇ ಕಣ್ಲಾ" ಅನ್ನುತ್ತಿದ್ದರು. ಕೇಳಿದಾಗೆಲ್ಲ ನಾನು ಪರದೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಕೆಲಸ ಮುಗಿಯಲಿ, ಹೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೊನೆಯ ದಿನ ನಲವತ್ತೆರಡು ಬಿಂದುಗಳಿಗೆ ಹೋಲಿಸಿದೆ. ಮೂವತ್ತೊಂಬತ್ತು ಸರಿಹೊಂದಿದವು. ಹಿಂದಿನ ಚಕ್ರದ ಬಳಿ ಮೂರು ಮಾತ್ರ ಸುಮಾರು ಎರಡು ಮಿಲಿಮೀಟರ್ ಬೇರೆ. ಹಳೆಯ ಅಂಕಿಯನ್ನು ನಂಬುವುದೋ, ಹೊಸ ತಗಡನ್ನೋ? ಮೇಸ್ತ್ರಿಯನ್ನು ಕೇಳಿದೆ. ಷೋ ಕಾರಿನಲ್ಲಿ ಅಲ್ಲಿ ಬೆಸುಗೆ ಮುಚ್ಚಲು ಪುಟ್ಟಿ ದಪ್ಪಗೆ ಬಳಿದಿದ್ದೆ ಎಂದರು. ಹೊಸ ತಗಡನ್ನು ನಂಬಿದೆ. ಪೂರ್ತಿ ಅಳೆದು, ಜೇಡಿಯ ಮಾದರಿಯ ಎರಡೂ ಬದಿಗೆ ಅದನ್ನೇ ಕೆತ್ತಿಸಿ, ಕಪ್ಪು ಹಾಳೆ ಅಂಟಿಸಿ ಅಂಗಳಕ್ಕೆ ತಂದೆವು. ನಾಲ್ಕು ಗಂಟೆಯ ಬಿಸಿಲು ಬಾಗಿಲಿನಿಂದ ಚಕ್ರದವರೆಗೆ ಒಂದೇ ಗೆರೆಯಾಗಿ ಹರಿಯಿತು. ಡಿಸೈನರ್ ಎರಡು ಸುತ್ತು ಹಾಕಿ, ಕ್ಯಾಂಟೀನಿಗೆ ಹೋಗಿ ನಮಗೆಲ್ಲ ತಾನೇ ಟೀ ತಂದುಕೊಟ್ಟಳು.

ಅಚ್ಚಿನ ಕೆಲಸ ಮೂರು ವಾರ ತಡವಾಗಿ ಶುರುವಾಯಿತು. ನನ್ನ ಬರವಣಿಗೆಯ ಒಪ್ಪಿಗೆ ಫೈಲಿಗೆ ಸೇರಿತು. ಅಳತೆ ವಿಭಾಗವನ್ನು ನನಗಿಂತ ಕಿರಿಯ ಎಂಜಿನಿಯರ್ ಒಬ್ಬನಿಗೆ ಕೊಟ್ಟು, ನನ್ನನ್ನು ಅವನ ಕೈಕೆಳಗೆ ಇರಿಸಿದರು. ಮ್ಯಾನೇಜರ್ ಹೇಳಿದಾಗ ಸರಿ ಸಾರ್ ಎಂದೆ. ನೋವಾಯಿತು, ಅನ್ಯಾಯ ಅನ್ನಿಸಲಿಲ್ಲ.

ಪ್ರೆಸ್ ಶಾಪಿನಲ್ಲಿ ಮೊದಲ ಪಕ್ಕೆ ಒತ್ತಿದ ದಿನ ಮೇಸ್ತ್ರಿಯನ್ನೂ ಕರೆಸಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಪ್ರೆಸ್ಸು ಒಂದು ಸಲ ಇಳಿದು ಎದ್ದಿತು, ಪಕ್ಕೆ ಹೊರಬಂತು. ಐದು ದಿನದ ಕೆಲಸ ಐದು ಸೆ‍ಕೆಂಡಿನಲ್ಲಿ. ಮೇಸ್ತ್ರಿ ಖಾದಿ ತುಂಡು ತೆಗೆದು ಈ ತುದಿಯಿಂದ ಆ ತುದಿಗೆ ಕಣ್ಣು ಮುಚ್ಚಿ ಸವರಿದರು. "ನಂದೇ" ಎಂದರು. ಆಮೇಲೆ ಪ್ರೆಸ್ಸಿನವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಈ ಅವ್ವ ಒಬ್ಳು ಇಲ್ದೇ ಇದ್ದಿದ್ರೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿರ್ನಿಲ್ಲ ಕಣ್ರಪ್ಪಾ" ಎಂದರು. ಯಾರೋ ಚಪ್ಪಾಳೆ ತಟ್ಟಿದರು.

ಇನ್ನು ತಡೆದುಕೊಳ್ಳಲು ಆಗಲಿಲ್ಲ. ಅವರನ್ನು ತಗಡಿನ ರಾಶಿಯ ಪಕ್ಕಕ್ಕೆ ಕರೆದುಕೊಂಡು ಹೋದೆ.

"ಮೇಸ್ತ್ರಿ, ಕೈಕೆಲಸದ ತಪ್ಪು ಅಂತ ಮೊದಲು ಬರೆದವಳು ನಾನೇ. ಮ್ಯಾನೇಜರ್ ಅದನ್ನ ಓದಿದ್ರು ಅಷ್ಟೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವಾಗ?"

"ಕಾರು ಮೇಳಕ್ಕೆ ಹೋಗೋ ಮುಂಚೆ. ಬಲಬದಿ ಅಳೆದಾಗ."

"ಅವತ್ತು ನಾನಲ್ಲೇ ಇದ್ನಲ್ಲ. ಪಕ್ದಲ್ಲೇ ಪುಟ್ಟಿ ಉಜ್ತಾ ಕೂತಿದ್ದೆ."

"ಹೌದು."

"ಒಂದ್ ಮಾತು ಕೇಳ್ಬೋದಾಗಿತ್ತು."

"ಕೇಳಬೇಕಿತ್ತು. ಕೇಳಲಿಲ್ಲ. ಶೆಡ್ಡಿಗೆ ಬಂದ ದಿನವೂ ಹೇಳಲಿಲ್ಲ. ನೀವು ಕೆಲಸ ಬಿಟ್ಟುಬಿಡ್ತೀರಿ ಅಂತ ಹೆದರಿಕೆಯಾಯ್ತು."

ಮೇಸ್ತ್ರಿ ಖಾದಿ ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು. "ಕೆಲ್ಸ ಬುಡ್ತಿರ್ನಿಲ್ಲ" ಎಂದರು. ಆಮೇಲೆ, "ಆಯ್ತು ಬುಡಿ ಮೇಡಂ. ನೀವು ಊಟಕ್ಕೋಗಿ" ಎಂದು ನಡೆದುಬಿಟ್ಟರು.

ಅವರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಯಾವುದೇ ಷೋ ಕಾರು ಬಂದರೂ ಕೈಕೆಲಸ ಅವರದೇ, ಅಳತೆಗೆ ಕೂರುವವಳು ನಾನೇ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ, ಎಲ್ಲಿ ಉಬ್ಬು ಬೇಕು, ಎಲ್ಲಿ ಬೇಡ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನನ್ನ ಜಾಗಕ್ಕೆ ಬಂದ ಎಂಜಿನಿಯರನ್ನು ಬಾ ಮಗ ಎಂದು ಕರೆದು, ಅವನ ಕೈ ಹಿಡಿದು ತಗಡಿನ ಮೇಲೆ ಸವರಿಸುತ್ತಾರೆ. ನನಗೆ, ನೋಡಿ ಮೇಡಂ, ಅನ್ನುತ್ತಾರೆ.